ಬೊಮ್ಮಕ್ಕ, ಕಾಲ್ ತೆಗಿ

ನಮ್ಮೂರ ಹಳೇ ಕಲ್ಲಿನ ಬರಹವನ್ನು ಅಳಿಸಿದವಳು ನಾನೇ. ಬೇರೆಯವರು ಬಂದು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಬ್ಯಾಟರಾಯನಪುರದ ಆಚೆ ನಮ್ಮ ಕೆರೆ ಏರಿಯ ಮೇಲೆ ಈಗ ಜನ ಬೂಟು ಹಾಕಿಕೊಂಡು ವಾಕಿಂಗ್ ಹೋಗುತ್ತಾರೆ. ನಾನು ಮದುವೆಯಾಗಿ ಬಂದಾಗ ಅಲ್ಲೊಂದು ಚಪ್ಪಡಿ ಕಲ್ಲು ಮಲಗಿತ್ತು. ಹೆಂಗಸರೆಲ್ಲ ಅದರ ಮೇಲೇ ಬಟ್ಟೆ ಒಗೆಯುತ್ತಿದ್ದೆವು. ಅದರ ಅರ್ಧ ನುಣುಪು, ಅರ್ಧ ತರಿತರಿ. ತರಿ ಇದ್ದ ಕಡೆ ಕೊಳೆ ಬೇಗ ಬಿಡುತ್ತಿತ್ತು, ಆ ಜಾಗಕ್ಕೆ ಜಗಳವೇ ಆಗುತ್ತಿತ್ತು. ಆ ತರಿಯೇ ಅಕ್ಷರ ಅಂತ ಯಾರಿಗೆ ಗೊತ್ತು? ನನ್ನ ಓದು ಬಸ್ಸಿನ ಬೋರ್ಡಿಗೆ ಸಾಕಾಗುವಷ್ಟು. ಕಲ್ಲಿನ ಮೇಲಿದ್ದದ್ದು ಜಿಲೇಬಿ.

ನಮ್ಮತ್ತೆ ಬಟ್ಟೆ ಬಡಿಯುವ ಮೊದಲು ಕಲ್ಲಿಗೆ ಒಂದು ಚೊಂಬು ನೀರು ಸುರಿದು, "ಬೊಮ್ಮಕ್ಕ, ಕಾಲ್ ತೆಗಿ" ಅನ್ನುತ್ತಿದ್ದರು.

"ಯಾರತ್ತೆ ಬೊಮ್ಮಕ್ಕ?" ಅಂತ ಕೇಳಿದೆ.

"ನಂಗೇನ್ ಗೊತ್ತು? ನಮ್ಮತ್ತೆ ಅಂತಿದ್ಲು, ನಾನೂ ಅಂತೀನಿ. ಬಾಯ್ ಮುಚ್ಕೊಂಡು ಸೀರೆ ಇಂಡು."

ಆಮೇಲೆ ನಾನೂ ಅನ್ನತೊಡಗಿದೆ.

ಹೋದ ವರ್ಷ ಕಲ್ಲು ಓದುವ ಮೇಷ್ಟ್ರೊಬ್ಬರು ಬಂದರು. ಏರಿಯ ಮೇಲೆ ಊರಿನ ಚರಿತ್ರೆಯ ಫಲಕ ನಿಲ್ಲಿಸುತ್ತಾರಂತೆ. ರೊಟ್ಟಿ ತಟ್ಟುವವರ ಹಾಗೆ ಕಲ್ಲಿಗೆ ಹಿಟ್ಟು ಸವರಿ, ಅಕ್ಷರ ಬೆಳ್ಳಗೆ ಎದ್ದು ಕಂಡ ಮೇಲೆ ಓದಿದರು. ಕಾಡು ಕಡಿಸಿ ಈ ಕೆರೆ ಕಟ್ಟಿಸಿದ್ದು ಒಬ್ಬ ಹೆಂಗಸಂತೆ. ಕೆರೆ ಆದ ಮೇಲೆ ಊರು ಆಯಿತಂತೆ.

"ಹೆಸರಿರೋ ಕಡೇನೇ ಸವೆದಿದೆ ಅಜ್ಜಿ. ಕೊನೇಲಿ 'ಕ್ಕ' ಅಂತ ಮಾತ್ರ ಉಳ್ಕೊಂಡಿದೆ."

ಅವರು ಬೆರಳಿಟ್ಟ ಜಾಗ ನನಗೆ ಚೆನ್ನಾಗಿ ಗೊತ್ತು. ನನ್ನ ಗಂಡನ ಪಂಚೆಯನ್ನು ನಲವತ್ತು ವರ್ಷ ಬಡಿದ ಜಾಗ ಅದು.

"ಬೊಮ್ಮಕ್ಕ ಅಂತ ಬರ್ಕೊಳ್ಳಿ ಮೇಷ್ಟ್ರೇ" ಅಂದೆ. ಅತ್ತೆಯ ಮಾತನ್ನೂ ಹೇಳಿದೆ.

ಅವರು ಕನ್ನಡಕ ಒರೆಸಿಕೊಂಡರು. "ಬಟ್ಟೆ ಒಗೆಯೋ ಮಾತನ್ನ ಫಲಕಕ್ಕೆ ಹಾಕೋಕಾಗಲ್ಲ ಅಜ್ಜಿ. ಸಾಕ್ಷಿ ಬೇಕು."

"ಸಾಕ್ಷೀನ ನಾನೇ ಒಗೆದು ಹಾಕಿದೀನಲ್ಲ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಊರು ಕಟ್ಟಿದವಳನ್ನು ಊರಿಗೆ ಸೊಸೆಯಾಗಿ ಬಂದವಳು ಅಳಿಸಿದಳಲ್ಲ ಅಂತ ಎರಡು ದಿನ ಮುದ್ದೆ ಸೇರಲಿಲ್ಲ.

ಫಲಕ ಬಂತು. ಅಕ್ಷರ ಕೂಡಿಸಿ ಓದಿದೆ: 'ಕೆರೆ ಕಟ್ಟಿಸಿದಾಕೆಯ ಹೆಸರು ಅಳಿಸಿಹೋಗಿದೆ.' ಅಳಿಸಿದವಳ ಹೆಸರು ಹಾಕಿಲ್ಲ, ಅಷ್ಟು ಪುಣ್ಯ.

ಈಗ ನಮ್ಮ ಮನೆಯಲ್ಲಿ ಒಗೆಯುವುದು ಮಷೀನು. ಗುಂಡಿ ಒತ್ತುವ ಮೊದಲು ನನ್ನ ಬಾಯಿಂದ ಆ ಮಾತು ತಾನಾಗಿಯೇ ಬರುತ್ತದೆ. ಮೊನ್ನೆ ಸೊಸೆಯೂ ಗುಂಡಿಯ ಮೇಲೆ ಬೆರಳಿಟ್ಟು, "ಬೊಮ್ಮಕ್ಕ, ಕಾಲ್ ತೆಗಿ" ಅಂದಳು. ಅಂದವಳು ನನ್ನ ಕಡೆ ತಿರುಗಿದಳು.

"ಅಲ್ಲತ್ತೆ, ಯಾರು ಈ ಬೊಮ್ಮಕ್ಕ?"

ಬಾಯಿ ಮುಚ್ಚಿಕೋ ಅನ್ನಲಿಲ್ಲ ನಾನು.

"ನಮ್ಮೂರ್ ಕಟ್ಟಿಸ್ದೋಳು. ಬಟ್ಟೆ ಹಾಕ್ಬಿಟ್ಟು ಬಾ, ಕೂತ್ಕೋ, ಹೇಳ್ತೀನಿ."