ಡೇರೆ ಸಿನೆಮಾದ ಕಾಕಾ ಜೈಲಿನಲ್ಲಿ ಹೇಳಿದ ಕಥೆ

ಹೋದ ವಾರ ಭತ್ತದ ರಾಶಿಗೆ ಹೊದಿಸಲೆಂದು ಮಗ ಹಾನಗಲ್ಲಿನ ಪೇಟೆಯಿಂದ ಹೊಸ ತಾಡಪತ್ರಿ ತಂದ. ಅಂಗಳದಲ್ಲಿ ಹರವಿದಾಗ ಬಿಸಿಲಿಗೆ ಅದರ ವಾಸನೆ ಒಳಮನೆಯವರೆಗೂ ಬಂತು. ಎಣ್ಣೆ, ಮೇಣ, ಕಾದ ಬಟ್ಟೆ ಎಲ್ಲ ಕೂಡಿದ ವಾಸನೆ… ಅಕ್ಕಿ ಆರಿಸುತ್ತಿದ್ದವಳು ಹಾಗೇ ಕುಳಿತುಬಿಟ್ಟೆ. ನಾನು ಸಣ್ಣವಳಿದ್ದಾಗ ಶಿಗ್ಗಾಂವದ ಬಯಲಿನಲ್ಲಿ ನಿಲ್ಲುತ್ತಿದ್ದ ಸಿನೆಮಾ ಡೇರೆಯ ವಾಸನೆ ಅದು. ಅದರ ಹಿಂದೆಯೇ, ಆ ಡೇರೆಯಲ್ಲಿ ಕೆಲಸಕ್ಕಿದ್ದ ಕಾಕಾ ನೆನಪಾದರು.

ಕಾಕಾ ಸವಣೂರಿನವರು. ನಮ್ಮ ಓಣಿಯಲ್ಲಿಯೇ ಬಾಡಿಗೆಗೆ ಒಂದು ಖೋಲಿ ಹಿಡಿದು ಹೆಂಡತಿಯೊಡನೆ ಇದ್ದರು, ಆಕೆಯನ್ನು ನಾವು ಕಾಕು ಎನ್ನುತ್ತಿದ್ದೆವು. ಡೇರೆಯಲ್ಲಿ ಇದ್ದದ್ದು ಒಂದೇ ಮಷಿನ್ನು. ಒಂದು ರೀಲು ಮುಗಿದು ಇನ್ನೊಂದನ್ನು ಹಚ್ಚುವವರೆಗೆ ದೀಪ ಹಾಕುತ್ತಿದ್ದರು. ಆಗ ಕಾಕಾ ಪರದೆಯ ಮುಂದೆ ನಿಂತು, ಹಿಂದಿ ತಿಳಿಯದ ನಮ್ಮ ಜನಕ್ಕೆ ನಡೆದ ಕಥೆಯನ್ನು ಕನ್ನಡದಲ್ಲಿ ಹೇಳಬೇಕು. ಹೊಸ ಸಿನೆಮಾ ಬಂದರೆ ಮೊದಲು ತಾವು ನೋಡಿ, ಆಮೇಲೆ ಮನೆಮನೆಯ ಹಿರಿಯರ ಹತ್ತಿರ ಹೋಗುತ್ತಿದ್ದರು. “ಹೆಣ್ಣಮಕ್ಕಳು, ಸಣ್ಣ ಹುಡುಗ್ರು ಎಲ್ಲಾರೂ ಕೂಡಿ ನೋಡೂವಂಥಾದು ಐತ್ರಿ, ಕಳಸ್ರಿ” ಎನ್ನುವರು. ಅಂಥದ್ದಲ್ಲವಾದರೆ ಅದನ್ನೂ ಹೇಳುವರು. ಡೇರೆಯ ಮಾಲಕನಿಗೆ ಇದು ಸೇರುತ್ತಿರಲಿಲ್ಲ. ಆದರೆ ಊರವರು ಅವರ ಮಾತಿನ ಮೇಲೆಯೇ ಮನೆಮಂದಿಯನ್ನು ಕಳಿಸುತ್ತಿದ್ದರು.

ಚಲೇಜಾವ್ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿದನೆಂದು ಅಪ್ಪನನ್ನು ಹಿಡಿದು ಬೆಳಗಾವಿಯ ಜೈಲಿಗೆ ಹಾಕಿದರು. ಅಂದಿನಿಂದ ನಮ್ಮ ಮನೆಯಲ್ಲಿ ಸಿನೆಮಾದ ಮಾತೇ ನಿಂತುಹೋಯಿತು. ಅವ್ವ ಬಾವಿಗೆ ಹೋಗುವುದು ಬಿಟ್ಟರೆ ಹೊಸ್ತಿಲು ದಾಟುತ್ತಿರಲಿಲ್ಲ. ಕೆಲವು ತಿಂಗಳಾದ ಮೇಲೆ, ಅಪ್ಪನ ಜೊತೆ ಜೈಲಿನಲ್ಲಿದ್ದು ಬಿಡುಗಡೆಯಾದ ಒಬ್ಬರು ಮನೆಗೆ ಬಂದರು. ಅಪ್ಪ ಯಾರ ಸಂಗಡವೂ ಮಾತಾಡುವುದಿಲ್ಲ, ಗೋಡೆ ನೋಡುತ್ತ ಕೂತುಬಿಡುತ್ತಾನೆ, ಊಟ ಮುಟ್ಟುವುದೂ ಅಪರೂಪ ಎಂದು ಹೇಳಿ ಹೋದರು.

ಅವ್ವ ಬೆಳಗಾವಿಗೆ ಹೊರಡುತ್ತೇನೆಂದಳು. ಮನೆಯ ಹಿರಿಯ ದೊಡ್ಡಪ್ಪ. ಪೊಲೀಸರ ಕಣ್ಣು ಮನೆಯ ಮೇಲಿದೆ, ಹೊಲವನ್ನೂ ಜಪ್ತಿ ಮಾಡಿಯಾರು ಎಂಬ ಭಯ ಅವರಿಗೆ. ತಾವು ಬರುವುದಿಲ್ಲ, ಒಬ್ಬಳನ್ನೇ ಕಳಿಸುವುದೂ ಇಲ್ಲ ಎಂದರು. ಸಂಜೆಯ ಹೊತ್ತಿಗೆ ಈ ಸುದ್ದಿ ಓಣಿಗೆಲ್ಲ ತಿಳಿದಿತ್ತು. ಕಾಕಾ ಬಂದು ಕಟ್ಟೆಯ ಮೇಲೆ ಕುಳಿತರು, ಅವರ ಹಿಂದೆ ಬುರಖಾ ಹಾಕಿಕೊಂಡು ಕಾಕು.

“ತಂಗೀನ್ನ ನಾ ಕರ್ಕೊಂಡು ಹೋಗ್ತೇನ್ರಿ. ಮಂದಿ ಮಾತಾಡಬಾರದಂತ ಇಕೀನೂ ಬರ್ತಾಳ” ಎಂದರು.

ದೊಡ್ಡಪ್ಪ ಕಡೆಗೆ ಒಪ್ಪಿ, ನನ್ನನ್ನೂ ಜೊತೆಗೆ ಕಳಿಸಿದರು.

ಯುದ್ಧದ ಕಾಲ, ಇದ್ದಿಲಿನಿಂದ ಓಡುವ ಬಸ್ಸು. ತಡಸದಲ್ಲಿ ಇಳಿಸಿ, ಬಸ್ಸಿನ ಬೆನ್ನಿಗಿದ್ದ ಒಲೆ ಊದಿ, ಮತ್ತೆ ಹತ್ತಿಸಿಕೊಂಡರು. ಹುಬ್ಬಳ್ಳಿಯಿಂದ ರೈಲು. ದಾರಿಯುದ್ದಕ್ಕೂ ಅವ್ವ ಕಾಕುವಿನ ಕೈ ಹಿಡಿದೇ ಕುಳಿತಿದ್ದಳು.

ಜೈಲಿನಲ್ಲಿ ಭೇಟಿಯ ಕೋಣೆಗೆ ಕಬ್ಬಿಣದ ಜಾಳಿಗೆ. ಆಚೆ ಅಪ್ಪ, ಪಕ್ಕದಲ್ಲಿ ಕೋಲು ಹಿಡಿದ ಪಹರೆಯವ. ಅಪ್ಪ ಅರ್ಧ ಆಗಿದ್ದ. ನಮ್ಮನ್ನು ನೋಡಿದ, ಗುರುತು ಹಿಡಿದ, ತಲೆ ತಗ್ಗಿಸಿದ. ಅಷ್ಟು ದೂರ ಬಂದ ಅವ್ವನಿಗೂ ಬಾಯಿ ಬರಲಿಲ್ಲ. ನಾನು ಅಳತೊಡಗಿದೆ. ಸಿಕ್ಕಿದ್ದೇ ಸ್ವಲ್ಪ ಹೊತ್ತು, ಅದೂ ಹೀಗೆಯೇ ಕಳೆಯುತ್ತಿತ್ತು…

ಹಿಂದೆ ನಿಂತಿದ್ದ ಕಾಕಾ ಗಂಟಲು ಸರಿಮಾಡಿಕೊಂಡರು. “ಯಜಮಾನ್ರ, ಈ ಸಲ ಡೇರೆಕ್ಕ ಒಂದು ಸಿನೆಮಾ ಬಂದೈತ್ರಿ. ಅದರಾಗ ಒಬ್ಬಾವ ಜೈಲಿನಿಂದ ಹೆಂಗ ಪಾರಾದ ಅಂದ್ರ…”

ಪಹರೆಯವ ಕೋಲು ಕುಟ್ಟಿದ. ಅಂಥ ಮಾತು ಇಲ್ಲಿ ನಡೆಯುವುದಿಲ್ಲ ಎಂದ.

“ಹೆಣ್ಣಮಕ್ಕಳು ಹುಡುಗ್ರು ನೋಡೂ ಕತೀರಿ ಸಾಹೇಬ್ರ. ಬ್ಯಾಡಂದ್ರ ಬಿಡ್ತೇನಿ” ಎಂದರು ಕಾಕಾ.

ಅವನು ಬೇಡವೆನ್ನಲಿಲ್ಲ. ಕಾಕಾ ಮುಂದುವರಿಸಿದರು. ಜೈಲಿನ ಮಾಸಿದ ಬಟ್ಟೆಗಳನ್ನು ಅಗಸ ಕತ್ತೆಯ ಮೇಲೆ ಹೇರುತ್ತಾನೆ, ಆ ಗಂಟಿನಲ್ಲಿ ಕೈದಿ ಮುದುಡಿ ಕೂತಿದ್ದಾನೆ. ದೊಡ್ಡ ಬಾಗಿಲು ದಾಟಿತು, ಹಳ್ಳ ದಾಟಿತು. ಅಗಸ ನೀರು ಕುಡಿಯಲು ಬಗ್ಗಿದ. ಕತ್ತೆಗೋ ಜೈಲರನ ಹೆಂಡತಿ ದಿನಾ ಹೊಟ್ಟು ಹಾಕುವ ರೂಢಿ. ಅದು ತಿರುಗಿ ನೆಟ್ಟಗೆ ಜೈಲಿನ ಕಡೆಗೇ ನಡೆಯಿತು. ಒಳಗಿದ್ದವನು ಪಾರಾದೆನೆಂದು ದೇವರನ್ನು ನೆನೆಯುತ್ತಿದ್ದಾನೆ. ಕತ್ತೆ ಹೆಜ್ಜೆ ಹಾಕುವುದನ್ನು, ಒಳಗಿನವನು ಸೀನು ತಡೆಯುವುದನ್ನು ಕಾಕಾ ಅಲ್ಲಿಯೇ ಮಾಡಿ ತೋರಿಸಿದರು.

ಅಪ್ಪ ತಲೆ ಎತ್ತಿದ. “ಮತ್ತ ಜೈಲಿಗೇ ಬಂತಽ ಅದು?” ಎಂದ. ದನಿ ಒಡೆದಿತ್ತು. ಹಿಂದೆಯೇ ನಗು ಬಂತು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಗಂಟೆ ಬಾರಿಸಿತು. ನಾವು ಹೊರಡಲು ತಿರುಗಿದೆವು. ಪಹರೆಯವ ಬಾಗಿಲ ಕಡೆ ಒಮ್ಮೆ ನೋಡಿ, “ಗಂಟಿನಾಗಿದ್ದಾವ ಏನಾದ, ಅದನ್ನ ಹೇಳಿ ಹೋಗ್ರಿ” ಎಂದ.

ಜೈಲರನ ಹೆಂಡತಿ ಗಂಟು ಬಿಚ್ಚಿದಳಂತೆ. ಕೈಮುಗಿದು ಕೂತವನನ್ನು ಕಂಡಳಂತೆ. ಎರಡು ರೊಟ್ಟಿ ಒಳಗಿಟ್ಟು, ಗಂಟನ್ನು ಮತ್ತೆ ಕಟ್ಟಿ, ಕತ್ತೆಯ ಮುಖವನ್ನು ಆಚೆ ತಿರುಗಿಸಿ ಬೆನ್ನಿಗೆ ಒಂದು ಏಟು ಕೊಟ್ಟಳಂತೆ. ಕಾಕಾ ಇದನ್ನು ಬೇಕೆಂತಲೇ ಎಳೆದು ಎಳೆದು ಹೇಳಿದರು. ಆ ಹೊತ್ತಿನಲ್ಲಿ ಅಪ್ಪ ಅವ್ವನನ್ನು ಜೋಳದ ಬಿತ್ತನೆ ಕೇಳಿದ, ನನ್ನ ಓದು ಕೇಳಿದ, ಇನ್ನು ಮೇಲೆ ಉಣ್ಣುತ್ತೇನೆಂದು ಮಾತು ಕೊಟ್ಟ.

ಮರುವರ್ಷ ಅಪ್ಪ ಬಿಡುಗಡೆಯಾಗಿ ಬಂದ. ಜೈಲಿನ ಬರಾಕಿನಲ್ಲಿ ಆ ಕತ್ತೆಯ ಕಥೆಯನ್ನು ಎಲ್ಲರಿಗೂ ಹೇಳಿ ಹೇಳಿ ದಿನ ತಳ್ಳಿದೆನೆಂದು ಕಾಕಾನ ಕೈ ಹಿಡಿದು ಹೇಳಿದ. ಕಾಕಾ ಸುಮ್ಮನೆ ನಕ್ಕರು.

ಡೇರೆ ಕಿತ್ತ ಮೇಲೆ ಅವರು ಸವಣೂರಿಗೆ ಹೋದರು. ನನ್ನ ಮದುವೆಯಾದ ಹೊಸತರಲ್ಲಿ ಹಿರೇಕೆರೂರಿಗೆ ಸಂಬಂಧಿಕರ ಮನೆಗೆ ಹೋದಾಗ, ಆ ವರ್ಷ ನಮ್ಮ ಡೇರೆಯ ಗೋಡೆಪಟದಲ್ಲಿ ಹೆಸರು ನೋಡಿದ್ದ ಅದೇ ಸಿನೆಮಾ ಅಲ್ಲಿ ಬಂದಿತ್ತು. ಆಸೆಯಿಂದ ಹೋದೆ. ಕೈದಿ ಕೋಟೆಯ ಗೋಡೆ ಹಾರುತ್ತಾನೆ, ಬೆನ್ನಿಗೆ ಗುಂಡು ಬೀಳುತ್ತದೆ, ತಾಯಿಯ ತೊಡೆಯ ಮೇಲೆ ಸಾಯುತ್ತಾನೆ. ಕತ್ತೆಯೂ ಇರಲಿಲ್ಲ, ಜೈಲರನ ಹೆಂಡತಿಯೂ ಇರಲಿಲ್ಲ.

ತವರಿಗೆ ಬಂದು ಅಪ್ಪನಿಗೆ ಹೇಳಿದೆ. “ಹಂಗಾರ ಆವತ್ತು ನನ್ನ ಮಾರಿ ನೋಡಿ, ನಿಂತಲ್ಲೇ ಕಟ್ಟಿ ಹೇಳ್ಯಾರ” ಎಂದ.

ಅಪ್ಪ, ನಾನು ಸವಣೂರಿಗೆ ಹೊರಟೆವು. ಕಾಕು ಬಾಗಿಲು ತೆರೆದರು. ಕಾಕಾ ತೀರಿಕೊಂಡು ಆಗಲೇ ಮೂರು ತಿಂಗಳಾಗಿತ್ತು. ಕಡೆಗಾಲಕ್ಕೆ ದನಿ ಪೂರ್ತಿ ಹೋಗಿತ್ತಂತೆ. ಓಣಿಯ ಮಕ್ಕಳಿಗೆ ಕೈಸನ್ನೆಯಲ್ಲಿಯೇ ಕಥೆ ಹೇಳುತ್ತಿದ್ದರಂತೆ… ಅಪ್ಪ ಅವರು ಮಲಗುತ್ತಿದ್ದ ಖಾಲಿ ಹೊರಸಿನ ಹತ್ತಿರ ನೆಲದ ಮೇಲೆ ಕುಳಿತು ಅತ್ತ. ಜೈಲಿನಿಂದ ಬಂದಾಗಲೂ ಅವನು ಅತ್ತಿರಲಿಲ್ಲ.

ಅಪ್ಪ, ಅವ್ವ, ಕಾಕು ಎಲ್ಲರೂ ಹೋದರು. ಆ ಜಾಳಿಗೆಯ ಮುಂದೆ ಕಥೆ ಕೇಳಿದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಅಪ್ಪನನ್ನು ನಮಗೆ ತಿರುಗಿ ಕೊಟ್ಟವರು ಕಾಕಾ.