ಏಸಿಗೆ ಹಿಡಿದ ಸಾಂಬ್ರಾಣಿ

ಅವರ ಬಲಗಿವಿಯ ಅಂಚು ಸದಾ ಕಪ್ಪಗಿರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಏಸಿಯ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುವುದು ಅವರ ಪದ್ಧತಿ. ಹಿಡಿಯ ಗ್ರೀಸು ಕಿವಿಗೆ ಮೆತ್ತಿ ಮೆತ್ತಿ, ಎಷ್ಟು ತೊಳೆದರೂ ಹೋಗದಂತಾಗಿತ್ತು. ಮನೆಯವರಿಗೆಲ್ಲ ಅವರು ಮೆಕ್ಯಾನಿಕ್, ನನಗೆ ಮಾತ್ರ ಮೆಕ್ಯಾನಿಕ್ ಅಂಕಲ್.

ಎಪ್ಪತ್ತರ ದಶಕದ ಜಯನಗರದಲ್ಲಿ ಏಸಿ ಇರುವ ಮನೆಯೆಂದರೆ ಜನ ನಿಂತು ನೋಡುತ್ತಿದ್ದರು. ಫ್ಯಾನೇ ಬೇಡವೆನ್ನುತ್ತಿದ್ದ ಊರು ಇದು. "ಬೆಂಗ್ಳೂರಲ್ಲಿ ಏಸಿ ಯಾಕ್ರೀ, ಸ್ವೆಟರ್ ಹಾಕ್ಕೊಂಡು ಕೂತ್ಕೊಳ್ಳೋಕಾ?" ಎಂದು ಎದುರುಮನೆಯವರು ಅಪ್ಪನನ್ನು ಕಿಚಾಯಿಸುತ್ತಿದ್ದರು. ಅಪ್ಪ ಶೋಕಿಯ ಮನುಷ್ಯರೇ ಅಲ್ಲ, ಅದನ್ನು ತಂದದ್ದು ನನಗಾಗಿ. ನನಗೆ ಹುಟ್ಟಿನಿಂದಲೇ ಬೆವರು ಬರುವುದಿಲ್ಲ. ಬಿಸಿಲಿಗೆ ಮೈ ಕಾದರೆ ಅದು ಇಳಿಯುವ ದಾರಿಯೇ ಇಲ್ಲ. ನಾಲ್ಕನೇ ವಯಸ್ಸಿನಲ್ಲಿ ಹಾಗೆ ಕಾದು ಒಮ್ಮೆ ಪ್ರಜ್ಞೆ ತಪ್ಪಿದ ಮೇಲೆ, ಮುಚ್ಚಿಹೋದ ಯಾವುದೋ ಆಫೀಸಿನ ಹಳೆಯ ಏಸಿಯೊಂದು ನಮ್ಮ ಕೋಣೆಯ ಕಿಟಕಿಗೆ ಬಂತು. ಅದನ್ನು ಕೂರಿಸಿದವರೇ ಈ ಮೆಕ್ಯಾನಿಕ್.

ಚಿಕ್ಕಲಸಂದ್ರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಒಳಗೆ ಬಂದವರು ಏಸಿಯ ಕಡೆ ನೋಡುವ ಮೊದಲು ನನ್ನ ಹಣೆ ಮುಟ್ಟಿ ನೋಡುವರು. "ಇವ್ಳೇ ನನ್ ಮೀಟ್ರು" ಎನ್ನುವರು. ಕಾಫಿ ಕೊಟ್ಟರೆ ಅರ್ಧ ಕುಡಿದು, ಉಳಿದರ್ಧವನ್ನು ಕೆಲಸ ಮುಗಿದ ಮೇಲೆ ಆರಿದ್ದನ್ನೇ ಕುಡಿಯುವರು. ಅಜ್ಜಿ ಬಿಸಿ ಮಾಡಿಕೊಡಲು ಹೋದರೆ, "ನಂದು ತಣ್ಣಗಿನ ಕಸುಬು ಅಜ್ಜಿ, ಹಿಂಗೇ ರೂಢಿ" ಎಂದು ನಗುವರು.

ಒಂದೆರಡು ವರ್ಷ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಏಸಿ ಸತಾಯಿಸತೊಡಗಿತು. ಒಮ್ಮೆ ಗಾಳಿ ಕಮ್ಮಿ, ಇನ್ನೊಮ್ಮೆ ಒಳಗೆಲ್ಲ ಮಂಜುಗಡ್ಡೆ. ಪ್ರತಿ ಬೇಸಿಗೆಗೂ ಅಪ್ಪನದು ಅದೇ ಪ್ರಶ್ನೆ: "ರಿಪೇರಿನಾ, ಹೊಸದಾ? ಮಗು ವಿಷಯ, ಸರಿಯಾಗಿ ಯೋಚ್ನೆ ಮಾಡಿ ಹೇಳಿ." ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, "ಹೊಸದ್ಯಾಕೆ ಸಾರ್? ಬರೀ ಧೂಳು. ತೊಳ್ಕೊಂಡ್ ಹೋದ್ರೆ ಇನ್ನೂ ನಾಲ್ಕ್ ವರ್ಷ ನಡೀತದೆ" ಎನ್ನುವರು. ಎರಡು ತಿಂಗಳಿಗೊಮ್ಮೆ ಬಂದು, ಹಿತ್ತಲಲ್ಲಿ ಅದನ್ನು ಬಿಚ್ಚಿಟ್ಟುಕೊಂಡು, ಒಳಗಿನ ತೆಳು ತಗಡುಗಳ ಸಂದನ್ನೆಲ್ಲ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಅಷ್ಟೊಂದು ಧೂಳು ನಮ್ಮ ಮನೆಯಲ್ಲಿ ಎಲ್ಲಿತ್ತೆಂದು ಯಾರೂ ಕೇಳಲಿಲ್ಲ. ಅವರ ಮಾತಿನ ಮೇಲೆ ಅಪ್ಪನಿಗೆ ಅಷ್ಟು ಭರವಸೆ.

ಅಜ್ಜಿಗೆ ಅದು ಬರೀ ಏಸಿಯಾಗಿರಲಿಲ್ಲ, ಮೊಮ್ಮಗಳ ಜೀವ ಕಾಯುವ ದೇವರಾಗಿತ್ತು. ಹರಕೆ ಹೊತ್ತಿದ್ದಳು. ಮಂಗಳವಾರ ಶುಕ್ರವಾರ ಅಪ್ಪ ಅಮ್ಮ ಆಫೀಸಿಗೆ ಹೋದ ಮೇಲೆ ದೇವರಮನೆಯ ಪೂಜೆ ಮುಗಿಸಿ, ಏಸಿಗೂ ಅರಿಶಿನ ಕುಂಕುಮ ಹಚ್ಚಿ, ಒಂದು ಹೂವು ಸಿಕ್ಕಿಸಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಧೂಪ ಹಿಡಿಯುತ್ತಿದ್ದಳು. ಅದೂ ಏಸಿ ಓಡುತ್ತಿರುವಾಗಲೇ. ಹೊಗೆಯೆಲ್ಲ ಸರ್ರನೆ ಜಾಲರಿಯೊಳಕ್ಕೆ ಹೋಗುವುದನ್ನು ಕಂಡು, "ನೋಡೇ, ಹೆಂಗ್ ತಗೊಳ್ತಿದೆ" ಎಂದು ಕೈಮುಗಿಯುತ್ತಿದ್ದಳು. ನನಗೆ ಅದೊಂದು ತಮಾಷೆ, ನಾನೂ ಕೈಮುಗಿಯುತ್ತಿದ್ದೆ.

ನನಗೆ ಹತ್ತು ವರ್ಷವಾಗಿದ್ದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಏಸಿ ಗುರ್ರೆಂದು ನಿಂತೇಹೋಯಿತು. ಅಜ್ಜಿ ಒದ್ದೆ ಬಟ್ಟೆ ಹೊದಿಸಿದ್ದು ನೆನಪಿದೆ, ಮುಂದಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದೆ, ಮೂರು ದಿನ ಕಳೆದಿತ್ತು. ಮಗು ಉಳಿದದ್ದೇ ಹೆಚ್ಚೆಂದು ಡಾಕ್ಟರು ಅಪ್ಪನಿಗೆ ಹೇಳಿದ್ದರಂತೆ.

ಮನೆಗೆ ಬಂದ ಮೇಲೆ ಅಪ್ಪ ಬೇರೊಬ್ಬ ಇಂಜಿನಿಯರನ್ನು ಕರೆಸಿದರು, ಮೆಕ್ಯಾನಿಕ್ಕನ್ನೂ ಬರಹೇಳಿದರು. ಬೆಳಗಿನ ತಂಪಿನಲ್ಲಿ, ಹಿತ್ತಲಲ್ಲಿ ಏಸಿಯನ್ನು ಪೂರ್ತಿ ಬಿಚ್ಚಿದರು. ಬ್ರಷ್ಷು ತಲುಪದ ಒಳಪದರಗಳಲ್ಲಿ ಕಪ್ಪನೆಯ ಅಂಟು ಗಟ್ಟಿಯಾಗಿ ಕೂತಿತ್ತು. "ಗಾಳಿ ಹೋಗೋಕೆ ಜಾಗಾನೇ ಇಲ್ಲ. ಒದ್ದಾಡಿ ಒದ್ದಾಡಿ ಕಂಪ್ರೆಸರ್ ಹೋಗಿದೆ. ಯಾರ್ರೀ ಇದನ್ನ ನೋಡ್ಕೊಳ್ತಿದ್ದೋರು?" ಎಂದರು ಇಂಜಿನಿಯರು.

ಪಕ್ಕದಲ್ಲೇ ಕೂತಿದ್ದ ನನಗೆ ಆ ಅಂಟಿನ ವಾಸನೆ ಬಡಿಯಿತು. ಸಾಂಬ್ರಾಣಿ. ತಲೆಯೆತ್ತಿದರೆ ಮೆಕ್ಯಾನಿಕ್ ಅಂಕಲ್ ಅಡುಗೆಮನೆ ಬಾಗಿಲಿನತ್ತ ನೋಡುತ್ತಿದ್ದರು. ಅಲ್ಲಿ ಅಜ್ಜಿ ಸೆರಗು ಹಿಡಿದುಕೊಂಡು ನಿಂತಿದ್ದಳು.

"ನಂದೇ ತಪ್ಪು ಸಾರ್" ಎಂದರು ಅವರು. "ಗ್ರೀಸ್ ಹಾಕ್ಬಿಟ್ಟಿದ್ದೆ. ಹಿಂಗಾಗುತ್ತೆ ಅಂತ ಗೊತ್ತಾಗ್ಲಿಲ್ಲ."

ಅಪ್ಪ ಅವರ ಕೆನ್ನೆಗೆ ಹೊಡೆದರು. ಯಾರಿಗೂ ಗಟ್ಟಿಯಾಗಿ ಒಂದು ಮಾತೂ ಆಡದಿದ್ದ ನನ್ನ ಅಪ್ಪ. "ನನ್ ಮಗಳನ್ನ ಕೊಲ್ತಿದ್ಯಲ್ಲೋ" ಎಂದರು. ಆರು ವರ್ಷ "ನೀವು" ಎನ್ನುತ್ತಿದ್ದ ಮನುಷ್ಯನಿಗೆ. ಸಾಂಬ್ರಾಣಿಯ ವಿಷಯ ಹೇಳಲು ನನಗೆ ನಾಲಿಗೆಯೇ ಏಳಲಿಲ್ಲ. ಮೆಕ್ಯಾನಿಕ್ ಬಗ್ಗಿ ತಮ್ಮ ಸಾಮಾನುಗಳನ್ನು ಚೀಲಕ್ಕೆ ಹಾಕಿಕೊಂಡರು. "ಇದು ಬೇಡ ಸಾರ್, ಹೊಸದೇ ತಗೊಳ್ಳಿ" ಎಂದು ಹೇಳಿ ಹೊರಟುಹೋದರು.

ಹೊಸ ಏಸಿ ಬಂದ ವಾರ ಮೆಕ್ಯಾನಿಕ್ ಅಂಕಲ್, ಅಪ್ಪ ಇಲ್ಲದ ಹೊತ್ತು ನೋಡಿಕೊಂಡು ಗೇಟಿನ ಹತ್ತಿರ ಬಂದು ನಿಂತರು. ಎಷ್ಟು ಕರೆದರೂ ಒಳಗೆ ಬರಲಿಲ್ಲ.

"ಅಜ್ಜಿ, ಹೊಸದಕ್ಕೆ ಧೂಪ ಹಾಕ್ಬೇಡಿ. ಇದು ಬೇರೆ ಥರದ್ದು. ಹೂವ ಇಟ್ರೆ ಸಾಕು."

"ಹಳೇದಕ್ಕೆ ಆಗ್ತಿತ್ತಲ್ಲಪ್ಪಾ?"

"ಅದಕ್ಕೆ ಆಗ್ತಿತ್ತು ಅಜ್ಜಿ. ಅದರಿಂದ ಏನೂ ತೊಂದ್ರೆ ಆಗಿಲ್ಲ."

ಅಜ್ಜಿ ಕಾಫಿ ತರಲು ಒಳಗೆ ಹೋದಾಗ ಕೇಳಿದೆ: "ಅಂಕಲ್, ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಮೊದಲ್ನೇ ಸಲ ಬಿಚ್ಚಿದಾಗ್ಲೇ ವಾಸ್ನೆ ಬಂತು ಪುಟ್ಟಿ. ಉಜ್ಕೊಂಡ್ ಹೋದ್ರಾಯ್ತು ಅನ್ಕೊಂಡೆ. ತಪ್ಪಾಯ್ತು, ನಿನ್ ಜೀವಕ್ಕೇ ಬಂತು. ಆದ್ರೆ ಈಗ ಅಜ್ಜಿಗೆ ಗೊತ್ತಾದ್ರೆ ಅವ್ರು ಬದುಕಲ್ಲ. ಅವ್ರು ಇರೋಗಂಟ ಯಾರ್ಗೂ ಹೇಳ್ಬೇಡ." ಕಾಫಿ ಬರುವ ಮೊದಲೇ ಸೈಕಲ್ ಹತ್ತಿದರು.

ಅವರು ಮಾಡಿದ್ದು ಸರಿಯೇ ಎಂದು ಇವತ್ತಿಗೂ ನನಗೆ ತೀರ್ಮಾನಿಸಲಾಗಿಲ್ಲ. ಅಜ್ಜಿ ಇನ್ನೆರಡು ವರ್ಷ ಹೊಸ ಏಸಿಗೆ ಹೂವಿಟ್ಟು, ನೆಮ್ಮದಿಯಿಂದ ತೀರಿಕೊಂಡಳು. ಆಮೇಲಾದರೂ ನಾನು ಅಪ್ಪನಿಗೆ ಹೇಳಬಹುದಿತ್ತು. ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಅಪ್ಪ ಕೇಳುತ್ತಾರೆಂಬ ಅಂಜಿಕೆಗೆ ಇವತ್ತು ನಾಳೆ ಎಂದು ತಳ್ಳಿದೆ. ಹಾಗೆ ನಾಲ್ಕು ವರ್ಷ ಹೋಯಿತು. ಕಾಲೇಜಿನಲ್ಲಿದ್ದಾಗ ಒಂದು ಸಂಜೆ ಅಪ್ಪನೇ ಪೇಟೆಯಿಂದ ಬಂದು, "ನಮ್ ಹಳೇ ಮೆಕ್ಯಾನಿಕ್ ಹೋಗ್ಬಿಟ್ನಂತೆ" ಎಂದರು. ಆಗ ಎಲ್ಲವನ್ನೂ ಹೇಳಿದೆ. ಅಪ್ಪ ಕಳಚುತ್ತಿದ್ದ ಚಪ್ಪಲಿಯನ್ನು ಹಾಗೇ ಬಿಟ್ಟು ಮೆಟ್ಟಿಲ ಮೇಲೆ ಕೂತರು. "ಅವ್ರು ಇದ್ದಾಗ ಹೇಳ್ಬಾರ್ದಿತ್ತೇನಮ್ಮಾ?" ಎಂದರು.

ಮರುದಿನ ಇಬ್ಬರೂ ಚಿಕ್ಕಲಸಂದ್ರಕ್ಕೆ ಹೋದೆವು. ಅವರ ಹೆಂಡತಿಯ ಮುಂದಾದರೂ ಕ್ಷಮೆ ಕೇಳಿಬಿಡಬೇಕೆಂದು ಅಪ್ಪ ದಾರಿಯುದ್ದಕ್ಕೂ ಹೇಳುತ್ತಿದ್ದರು. ಆಕೆ ನನ್ನನ್ನು ಕಂಡದ್ದೇ ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದುಕೊಂಡರು. "ಬೇಸ್ಗೆ ಬಂದ್ರೆ ಸಾಕು, ಆ ಪುಟ್ಟಿ ಹೆಂಗಿದಾಳೋ ಅನ್ನೋರು" ಎಂದರು. ನಮ್ಮ ಮನೆಯಲ್ಲಿ ನಡೆದದ್ದೊಂದೂ ಅವರಿಗೆ ಗೊತ್ತಿರಲಿಲ್ಲ. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಕಣ್ಣೊರೆಸಿಕೊಂಡು ಅಂದರು: "ಒಂದೇ ಸಮಾಧಾನ ಸಾರ್. ಇಷ್ಟ್ ವರ್ಷ ಅಷ್ಟ್ ಮನೆ ಸುತ್ತಿದ್ರು. ಯಾರ್ ಮನೇಲೂ ಒಂದ್ ಮಾತು ಅನ್ನಿಸ್ಕೊಂಡೋರಲ್ಲ."

ಅಪ್ಪ ತಲೆ ತಗ್ಗಿಸಿ, "ಹೌದಮ್ಮ" ಎಂದರು.