ಒಗ್ಗರಣೆ ದಾಳಿ ಮತ್ತು ಬೀಗರ ಮರ್ಯಾದೆ

ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನು ಚೆಸ್ಸಿನಲ್ಲಿ ಕಲಿತದ್ದು ಒಂದೇ ಒಂದು ಪಟ್ಟು. ಎಲ್ಲರೂ ಮೊದಲು ಆಟ ಕಲಿತು ಆಮೇಲೆ ಪಟ್ಟು ಕಲಿಯುತ್ತಾರೆ. ನಾನು ಪಟ್ಟು ಕಲಿತು, ಆಟವನ್ನು ನಿಧಾನಕ್ಕೆ ನೋಡಿಕೊಂಡರಾಯಿತು ಎಂದು ಬಿಟ್ಟಿದ್ದೇನೆ. ಈ ವಯಸ್ಸಿನಲ್ಲಿ ನಿಧಾನಕ್ಕೆ ಎಷ್ಟು ಜಾಗ ಉಳಿದಿದೆ ಎಂದು ನೀವು ಕೇಳಬಾರದು.

ಆ ಪಟ್ಟಿನ ಇಂಗ್ಲಿಷ್ ಹೆಸರನ್ನು ನಮ್ಮ ಮನೆಯಲ್ಲಿ ಜೋರಾಗಿ ಹೇಳುವ ಹಾಗಿಲ್ಲ. ಕನ್ನಡಕ್ಕೆ ತಂದರೆ ‘ಹುರಿದ ಲಿವರ್’ ಎಂದಾಗುತ್ತದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಬೇಕರಿ ಕೇಕಿಗೂ ಮೊಟ್ಟೆ ಹಾಕಿದ್ದೀರಾ ಎಂದು ವಿಚಾರಿಸುವವಳು, ಸಂಜೆ ಪಡಸಾಲೆಯಲ್ಲಿ ಕೂತು ‘ಇವತ್ತು ಲಿವರ್ ಹುರಿದೆ’ ಎಂದರೆ ನಮ್ಮ ಯಜಮಾನರ ಗತಿಯೇನು? ಅದಕ್ಕೇ ಅದಕ್ಕೆ ಒಗ್ಗರಣೆ ದಾಳಿ ಎಂದು ಹೆಸರಿಟ್ಟುಕೊಂಡೆ. ಹೆಸರು ಚೆನ್ನಾಗಿಯೇ ಕೂತಿದೆ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಶುರುವಿನಲ್ಲೇ ಚಟಪಟ. ಗೊತ್ತಿಲ್ಲದವರು ಹೆದರಿ ಹಿಂದೆ ಸರಿಯುತ್ತಾರೆ, ಗೊತ್ತಿರುವವರು ಮೇಲೊಂದು ತಟ್ಟೆ ಮುಚ್ಚಿ ಸುಮ್ಮನೆ ನಿಲ್ಲುತ್ತಾರೆ.

ಇದನ್ನು ಹೇಳಿಕೊಟ್ಟವಳು ನನ್ನ ಸೊಸೆ ಸುಮಾ. ತುಮಕೂರಿನ ನಮ್ಮ ಮನೆಯಿಂದ ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಗೆ ದಿನಾ ಹೋಗಿ ಬರುವವಳು. ಹೋದ ವರ್ಷ ನನ್ನ ಬೆರಳುಗಳು ಬೆಳಗಿನ ಹೊತ್ತು ಮಡಚುವುದಿಲ್ಲ ಎಂದು ಹಟ ಹಿಡಿದಾಗ, “ಅತ್ತೆ, ಬೆರಳಿಗೆ ಕೆಲ್ಸ ಕೊಡಿ, ಸರಿಹೋಗ್ತವೆ” ಎಂದು ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಕೂರಿಸಿದಳು. ಒತ್ತಕ್ಷರ ಹುಡುಕುವುದೆಂದರೆ ಜಾತ್ರೆಯಲ್ಲಿ ಕಳೆದ ಚಪ್ಪಲಿ ಹುಡುಕಿದ ಹಾಗೆ. ಇದೆ ಎಂದು ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ. ಟೈಪಿಂಗ್ ಬೇಜಾರಾದ ದಿನ ಅದೇ ಫೋನಿಗೆ ಚೆಸ್ ಆಪ್ ಹಾಕಿಕೊಟ್ಟಳು. ಸೊಸೆ ಅಂದರೆ ಬಿಸಿನೀರು ಕಾಯಿಸಿಕೊಡುವವಳು ಎಂದುಕೊಂಡಿದ್ದವಳಿಗೆ, ಸೊಸೆಯ ಕೈಯಲ್ಲಿ ಅಕ್ಷರಾಭ್ಯಾಸವಾಯಿತು. ಇವತ್ತು ಒಂದೇ ಬೆರಳಲ್ಲಿ ಇಷ್ಟುದ್ದ ಬರೆಯುತ್ತಿದ್ದೇನಲ್ಲ, ಅದರ ಪುಣ್ಯ ಪೂರ್ತಿ ಅವಳದು. ತಪ್ಪುಗಳು ಮಾತ್ರ ಸ್ವಂತ.

ಚೆಸ್ ಬಾರದವರಿಗೂ ತಿಳಿಯುವ ಹಾಗೆ ಆ ಪಟ್ಟನ್ನು ಹೇಳಿಬಿಡುತ್ತೇನೆ. ಎದುರಾಳಿಯ ರಾಜನ ಓರೆಗೆ ಒಬ್ಬ ಸಿಪಾಯಿ ನಿಂತಿರುತ್ತಾನೆ. ಆ ಮನೆಯನ್ನು ಕಾಯಲು ರಾಜನೊಬ್ಬನನ್ನು ಬಿಟ್ಟರೆ ಯಾರೂ ಇಲ್ಲ. ನನ್ನ ಒಂಟೆ ದೂರದಿಂದ ಆ ಮನೆಯ ಮೇಲೆ ಕಣ್ಣಿಡುತ್ತದೆ, ಕುದುರೆ ಹತ್ತಿರ ಹೋಗಿ ನಿಲ್ಲುತ್ತದೆ. ಎದುರಿನವರು ಒಂಟೆಯ ದಾರಿಗೆ ಅಡ್ಡ ಒಬ್ಬ ಸಿಪಾಯಿಯನ್ನು ನೂಕುತ್ತಾರೆ, ಅವನನ್ನು ನನ್ನ ಸಿಪಾಯಿ ಹೊಡೆಯುತ್ತಾನೆ. ಇಲ್ಲಿದೆ ನೋಡಿ ಮರ್ಮ. ನನ್ನ ಆ ಸಿಪಾಯಿಯನ್ನು ಅವರು ತಮ್ಮ ಕುದುರೆಯಿಂದ ಹೊಡೆದರೆ ಕೆಟ್ಟರು. ನನ್ನ ಕುದುರೆ ರಾಜ ಕಾಯುವ ಆ ಮನೆಗೆ ನುಗ್ಗಿ ಪ್ರಾಣ ಕೊಡುತ್ತದೆ, ರಾಜ ಅದನ್ನು ಹೊಡೆಯಲು ಹೊರಗೆ ಬರುತ್ತಾನೆ, ನನ್ನ ಮಂತ್ರಿ ಚೆಕ್ ಕೊಡುತ್ತಾನೆ. ಆಮೇಲೆ ರಾಜನ ಪಾಡು, ಸ್ನಾನಕ್ಕೆ ಹೋದವನು ಟವೆಲ್ಲಿನಲ್ಲೇ ಮದುವೆಮನೆಗೆ ಬಂದು ನಿಂತ ಹಾಗೆ. ಅದರ ಬದಲು ಅವರು ಆ ಸಿಪಾಯಿಯನ್ನು ಮುಟ್ಟದೆ, ಇನ್ನೊಂದು ಕುದುರೆಯನ್ನು ಮಣೆಯ ಅಂಚಿಗೆ ಇಟ್ಟು ನನ್ನ ಒಂಟೆಯನ್ನು ಬೆದರಿಸಿದರೆ? ಒಲೆ ಆರಿತು, ಒಗ್ಗರಣೆ ತಣ್ಣಗಾಯಿತು.

ನಮ್ಮ ಬೀದಿಯ ಭಜನೆ ಗುಂಪಿನ ಶಾಂತಕ್ಕ ಬೆಳ್ಳಾವಿಯವಳು. ಆಟಕ್ಕೆ ನನಗಿಂತ ಹೊಸಬಳು, ಪ್ರತಿಸಲ ಸಿಪಾಯಿಯನ್ನು ಹೊಡೆಯುತ್ತಾಳೆ. “ಅಯ್ಯೋ, ನಿನ್ ಕುದ್ರೆ ಕಾಲ್ ಮುರಿಯಾ! ಪುಕ್ಸಟ್ಟೆ ಸಿಗ್ತು ಅಂತ ತಿಂದ್ರೆ ಗಂಟ್ಲಲ್ಲೇ ಸಿಕ್ಕೊಳ್ತಲ್ಲೇ” ಎಂದು ಬೈದು, ಮಾರನೇ ದಿನ ಮತ್ತೆ ಅದನ್ನೇ ತಿನ್ನುತ್ತಾಳೆ. ಆಪಿನಲ್ಲೂ ಕೆಳಗಿನ ಲೆವೆಲ್ಲಿನವರೆಲ್ಲ ಶಾಂತಕ್ಕನ ಬಂಧುಗಳೇ. ಒಂದು ಮೆಟ್ಟಿಲು ಮೇಲೆ ಹೋದರೆ ಅರ್ಧ ತಿಳಿದವರು ಸಿಗುತ್ತಾರೆ. ಇವರ ಕಥೆ ಇನ್ನೂ ಮಜ. ಇಲ್ಲೇನೋ ಅಪಾಯ ಇದೆ ಎಂದು ಗೊತ್ತು, ಏನೆಂದು ಗೊತ್ತಿಲ್ಲ. ಬಹಳ ಹೊತ್ತು ಯೋಚಿಸಿ ಇನ್ನೂ ಕೆಟ್ಟದ್ದನ್ನು ಆಡುತ್ತಾರೆ. ವಾಟ್ಸಾಪಿನಲ್ಲಿ ಔಷಧ ಕಲಿತವರ ಹಾಗೆ. ಇನ್ನೂ ಮೇಲೆ ಹೋದರೆ ಮಾತಿಲ್ಲ, ಕಥೆಯಿಲ್ಲ, ಕುದುರೆ ಅಂಚಿಗೆ. ನಾನು ಕಾಲು ಚಾಚುವಷ್ಟರಲ್ಲಿ ಸೋತಿರುತ್ತೇನೆ. ಅದೇ ಕುದುರೆ, ಅದೇ ಒಂಟೆ, ಅದೇ ಅಜ್ಜಿ. ಗೆದ್ದಾಗ ಗೆದ್ದದ್ದು ನನ್ನ ಬುದ್ಧಿಯಲ್ಲ, ಎದುರಿನವರ ಅಮಾಯಕತನ ಎಂದು ಒಪ್ಪಿಕೊಳ್ಳುವುದು ಕಷ್ಟ. ಒಪ್ಪಿಕೊಂಡ ಮೇಲೆ ಶಾಂತಕ್ಕನ ಮೇಲೆ ಪ್ರೀತಿ ಹೆಚ್ಚಾಯಿತು. ನಮ್ಮನ್ನು ಜಾಣರನ್ನಾಗಿ ಕಾಣಿಸುವವರಿಗಿಂತ ದೊಡ್ಡ ಉಪಕಾರಿಗಳು ಯಾರಿದ್ದಾರೆ?

ಈ ಆಟ ಹೊರಟಿದ್ದು ನಮ್ಮ ಕಡೆಯಿಂದಲೇ ಅನ್ನುತ್ತಾರೆ. ಆನೆ, ಕುದುರೆ, ರಥ, ಕಾಲಾಳು, ಈ ನಾಲ್ಕು ಅಂಗ ಸೇರಿ ಚತುರಂಗ. ಸಮುದ್ರ ದಾಟಿದ ಮೇಲೆ ನಮ್ಮ ಮಂತ್ರಿ ಅಲ್ಲಿ ರಾಣಿಯಾದ, ನಮ್ಮ ಒಂಟೆ ಪಾದ್ರಿಯಾಯಿತು. ಗಂಡಸು ಹೆಂಗಸಾದರೂ ಪ್ರಾಣಿ ಪುರೋಹಿತನಾದರೂ ಆಟ ಕೆಡಲಿಲ್ಲ, ಯಾಕೆಂದರೆ ಯಾರು ಎಲ್ಲಿಗೆ ಹೋಗಬಹುದು ಎನ್ನುವ ನಿಯಮ ಗಟ್ಟಿಯಾಗಿತ್ತು. ಆ ಮಣೆಯ ಮೇಲೆ ಬೀಗರಿಲ್ಲ ನೋಡಿ, ಅದಕ್ಕೇ ಅಷ್ಟು ಸಲೀಸು. ಬೀಗರ ಆಟದಲ್ಲಿ ಯಾರು ಎಲ್ಲಿಗೆ ಹೋಗಬಹುದು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಪ್ಪು ಹೆಜ್ಜೆ ಇಟ್ಟರೆ ಮಾತ್ರ ಇಡೀ ನೆಂಟರಿಷ್ಟರಿಗೆ ಗೊತ್ತಾಗುತ್ತದೆ.

ನಮ್ಮ ಬೀಗರು, ಅಂದರೆ ಸುಮಾಳ ಅಪ್ಪ ಮಲ್ಲೇಶಪ್ಪ, ಕುಣಿಗಲ್ಲಿನ ಕಾಲೇಜೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಕೊತ್ತಗೆರೆಯಲ್ಲಿ ಮನೆ, ತೆಂಗಿನ ತೋಟ. ಭಾನುವಾರ ಎಳನೀರು ಹೊತ್ತು ಮಗಳನ್ನು ನೋಡಲು ಬಂದರೆ ತಿಂಡಿಯಾದ ಮೇಲೆ ನನ್ನೊಡನೆ ಒಂದಾಟ. ಪ್ರತಿಸಲ ಸಿಪಾಯಿಯನ್ನು ಹೊಡೆಯುವರು, ಪ್ರತಿಸಲ ಸೋಲುವರು. “ಏನ್ ಏಟು ಅಕ್ಕೋರೆ ನಿಮ್ದು! ನಮ್ಗೆಲ್ಲಿ ಬರ್ಬೇಕು ಇದೆಲ್ಲ” ಎಂದು ಹೆಗಲ ಮೇಲಿನ ಟವೆಲ್ ಕೊಡವುವರು. ಪಿ.ಟಿ. ಮೇಷ್ಟ್ರಿಗೆ ಕಬಡ್ಡಿ ಬಿಟ್ಟು ಇನ್ನೇನು ಗೊತ್ತಿದ್ದೀತು ಎಂದು ನಾನೂ ಬೀಗಿದೆ. ಬೀದಿಗೆಲ್ಲ ಹೇಳಿಕೊಂಡು ಬಂದೆ.

ಅಷ್ಟರಲ್ಲಿ ಸುಮಾಗೆ ಏಳು ತಿಂಗಳು ತುಂಬಿತು. ಮೊದಲ ಬಾಣಂತನ ತವರಿನಲ್ಲಿ ಎನ್ನುವುದು ನಮ್ಮವರ ಪದ್ಧತಿ. ಆದರೆ ಅವಳ ತಾಯಿ ಮದುವೆಗೆ ಮುಂಚೆಯೇ ಹೋಗಿಬಿಟ್ಟಿದ್ದರು. ಕೊತ್ತಗೆರೆಯ ಮನೆಯಲ್ಲಿ ಇರುವುದು ಅಪ್ಪ ಒಬ್ಬರೇ. ‘ಇಲ್ಲೇ ಆಗಲಿ’ ಎಂದು ನಾನು ಅಂದರೆ, ನಿಮ್ಮ ಕೈಲಿ ಆಗುವುದಿಲ್ಲ ಬಿಡಿ ಎಂದು ಹೆಣ್ಣು ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ. ‘ನೀವೇ ಮಾಡಿ’ ಎಂದು ಅವರು ಕೇಳಿದರೆ, ಗಂಡಿನ ಕಡೆಯವರ ಮುಂದೆ ಸೆರಗೊಡ್ಡಿದ ಹಾಗೆ. ಹೀಗಾಗಿ ಇಬ್ಬರೂ ಎಳನೀರಿನ ರುಚಿ ಮಾತಾಡಿಕೊಂಡು ಭಾನುವಾರಗಳನ್ನು ಕಳೆದೆವು. ಒಂದು ಸಂಜೆ ಸುಮಾ ಬಟ್ಟೆ ಮಡಚುತ್ತಾ, “ಅತ್ತೆ, ಮಗೂನ ಎತ್ಕೊಂಡು ನಾನ್ ಎಲ್ಲಿ ಮಲಗ್ಬೇಕು ಅಂತ ಯಾರಾದ್ರೂ ಒಬ್ರು ಹೇಳ್ಬುಡಿ” ಅಂದಳು. ನಗುತ್ತಲೇ ಅಂದಳು. ಆಮೇಲೆ ಮಡಚಿಟ್ಟ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಅದಾದ ಸ್ವಲ್ಪ ದಿನಕ್ಕೆ ಕುಣಿಗಲ್ಲಿನಲ್ಲಿ ಒಂದು ಗೃಹಪ್ರವೇಶವಿತ್ತು. ಊಟ ಮುಗಿಸಿ, ಇಷ್ಟು ದೂರ ಬಂದಿದ್ದೇವಲ್ಲ ಎಂದು ಯಜಮಾನರನ್ನು ಎಬ್ಬಿಸಿಕೊಂಡು, ಹೇಳದೆ ಕೇಳದೆ ಕೊತ್ತಗೆರೆಗೆ ಹೋದೆ. ಬೀಗರು ಜಗಲಿಯ ಮೇಲೆ ಊರಿನ ಟೈಲರ್ ರಂಗಪ್ಪನ ಜೊತೆ ಚೆಸ್ ಆಡುತ್ತಿದ್ದರು. ಗೇಟಿನ ಹತ್ತಿರದಿಂದಲೇ ಮಣೆ ಕಂಡಿತು. ರಂಗಪ್ಪ ಆಡುತ್ತಿದ್ದದ್ದು ನನ್ನ ಒಗ್ಗರಣೆಯನ್ನೇ! ಅವನ ಸಿಪಾಯಿ ನಡುವೆ ಬಂದು ನಿಂತಿದ್ದಾನೆ, ಮುಂದಿನ ನಡೆ ಬೀಗರದು. ಅವರು ಮಣೆಯ ಕಡೆ ಸರಿಯಾಗಿ ನೋಡಲೂ ಇಲ್ಲ. ಅಡಿಕೆ ಕತ್ತರಿಸುತ್ತಾ ಎಡಗೈಯಲ್ಲಿ ಇನ್ನೊಂದು ಕುದುರೆಯನ್ನು ಅಂಚಿಗಿಟ್ಟರು.

“ಎಷ್ಟ್ ಸಲ ಹೇಳ್ಲಾ ರಂಗ, ಈ ಆಟ ನನ್ಮುಂದೆ ನಡಿಯಲ್ಲ. ಆ ಸಿಪಾಯಿನ ಹೊಡಿಯೋನು ದಡ್ಡ ಕಣ್ಲಾ!”

“ನಮಸ್ಕಾರ ಬೀಗ್ರೆ,” ಅಂದೆ ಗೇಟಿನಿಂದ. “ದಡ್ಡರು ಮನೇಲವ್ರಾ?”

ಅವರು ಎದ್ದ ರಭಸಕ್ಕೆ ಎರಡು ಆನೆ, ಒಂದು ಚಪ್ಪಲಿ ಜಗಲಿಯಿಂದ ಕೆಳಗೆ ಬಿದ್ದವು. ರಂಗಪ್ಪ ಬೀಳದ ಕುದುರೆಯನ್ನೂ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿಕೊಂಡು ನಕ್ಕ. ಒಳಗೆ ಕೂತ ಮೇಲೆ ನಾನು ಬಿಡಲಿಲ್ಲ. “ಇಷ್ಟ್ ದಿನ ಬೇಕ್ಬೇಕಂತ ಸೋತ್ರಾ?”

“ಹೆಣ್ ಕೊಟ್ಟೋನು ಅಕ್ಕೋರೆ ನಾನು. ಗಂಡಿನ್ ಕಡೆಯೋರ್ನ ಅವ್ರ ಮನೇಲೇ ಕೂತ್ಕೊಂಡು, ಅವ್ರ ಉಪ್ಪಿಟ್ಟು ತಿನ್ಕೊಂಡು, ಸೋಲ್ಸಕ್ಕಾಯ್ತದಾ?”

ನನ್ನ ಗೆಲುವುಗಳೆಲ್ಲ ಬೀಗರೂಟದ ಎಲೆಗೆ ಬಲವಂತವಾಗಿ ಬಡಿಸಿದ ಹೋಳಿಗೆಗಳಾಗಿದ್ದವು. ಆಪಿನಲ್ಲಿ ಎಷ್ಟೋ ಲೆವೆಲ್ಲುಗಳಿವೆ. ಎಲ್ಲ ತಿಳಿದೂ ಮರ್ಯಾದೆಗೆ ಸೋಲುವವರ ಲೆವೆಲ್ ಅದರಲ್ಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಇನ್ನೊಂದು ಹೊಳೆದು ಸಿಟ್ಟು ಇಳಿಯಿತು. ನನ್ನಿಂದ ಒಬ್ಬ ಮರದ ರಾಜನನ್ನು ಉಳಿಸಿಕೊಳ್ಳಲು ಸಂಕೋಚಪಡುವ ಮನುಷ್ಯ, ಮಗಳ ಬಾಣಂತನದ ಮಾತನ್ನು ಹೇಗೆ ತಾನೇ ಎತ್ತಿಯಾರು?

“ಮಣೆ ತನ್ನಿ,” ಅಂದೆ. “ನಿಜವಾದ ಆಟ ಒಂದು. ಗೆದ್ದೋರು ಒಂದ್ ಮಾತು ಕೇಳ್ಬೋದು, ಸೋತೋರು ಇಲ್ಲ ಅನ್ನಂಗಿಲ್ಲ.”

ನನ್ನ ಹಂಚಿಕೆ ಒಗ್ಗರಣೆಗಿಂತ ಖಾರವಾಗಿತ್ತು. ಅವರು ಗೆಲ್ಲಲಿ, ‘ತುಮಕೂರಲ್ಲೇ ಮಾಡಿ’ ಎಂದು ಕೇಳಲಿ, ಪಂದ್ಯ ಸೋತವಳು ಎಂದು ನಾನು ಒಪ್ಪಿಕೊಳ್ಳುತ್ತೇನೆ. ಯಾರ ಮುಖಕ್ಕೂ ಏಟಿಲ್ಲ. ಆಟ ಶುರುವಾಯಿತು. ನನ್ನ ಸಿಪಾಯಿ ನಡುವೆ ಬಂದು ನಿಂತ. ಬೀಗರ ಕೈ ಅಭ್ಯಾಸಬಲದಿಂದ ಹೊಡೆಯುವ ಕುದುರೆಯ ಕಡೆಗೇ ಹೋಯಿತು.

“ಬೀಗ್ರೆ, ಅದನ್ನ ಮುಟ್ಟಿದ್ರೆ ಈಗ್ಲೇ ಎದ್ದು ಬಸ್ ಹತ್ತೀನಿ.”

ಕೈ ನಿಂತಿತು. ಇನ್ನೊಂದು ಕುದುರೆಯನ್ನು ಹಿಡಿದು ಅಂಚಿಗೆ ಇಟ್ಟಿತು. ಅಲ್ಲಿಂದ ಮುಂದೆ ನನ್ನ ಒಂಟೆ ಓಡಿತು, ಕುದುರೆ ಓಡಿತು, ಕೊನೆಗೆ ರಾಜನೂ ಓಡಿ ಮೂಲೆಯಲ್ಲಿ ಸಿಕ್ಕಿಬಿದ್ದ. ಕಾಫಿ ಕುಡಿಯುತ್ತಿದ್ದ ಯಜಮಾನರು ಲೋಟದಿಂದ ತಲೆ ಎತ್ತಿ, “ಮುಗೀತಾ?” ಅಂದರು.

“ಮುಗೀತು. ಕೇಳಿ ಬೀಗ್ರೆ.”

ಅವರು ಟವೆಲ್ಲಿನ ಅಂಚು ತಿರುಚಿದರು. “ಬಾಣಂತನ ಇಲ್ಲೇ ಆಗ್ಲಿ ಅಕ್ಕೋರೆ. ಅವ್ವ ಇಲ್ಲ ಅಂತ ನನ್ ಮಗ್ಳಿಗೆ ತವರೂ ಇಲ್ಲ ಅನ್ನಿಸ್ಬಾರ್ದು. ಆದ್ರೆ ನಂಗೆ ಮಾಡಕ್ ಬರಲ್ಲ. ನೀವೇ ಬಂದಿದ್ದು ಮಾಡ್ಕೊಡಿ. ಮೂರ್ ತಿಂಗ್ಳು.”

ನಾನು ಎಲ್ಲವನ್ನೂ ಲೆಕ್ಕ ಹಾಕಿದ್ದೆ, ಇದೊಂದನ್ನು ಬಿಟ್ಟು. ನಮ್ಮವರಲ್ಲಿ ಬೀಗರ ಮನೆ ಎಂದರೆ ಉಂಡು ಸಂಜೆ ಬಸ್ಸಿಗೆ ಹೊರಡುವ ಜಾಗ. ಗಂಡಿನ ತಾಯಿ ಹೆಣ್ಣಿನ ತವರಿಗೆ ಹೋಗಿ, ತಾಯಿಯ ಜಾಗದಲ್ಲಿ ನಿಂತು, ಬಾಣಂತಿಗೆ ನೀರು ಹಾಕಿದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ಇಂಥ ನಡೆ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಆಗಲಿ ಎಂದು ತಲೆಯಾಡಿಸಿದೆ. ಯಜಮಾನರು ಮಾತ್ರ ಗಾಬರಿಯಾದರು.

“ಮತ್ತೆ ನನ್ ಊಟ?”

“ತುಮಕೂರಲ್ಲಿ ಹೋಟ್ಲು ಮುಚ್ಚವ್ರಾ? ಇಲ್ಲಾಂದ್ರೆ ನೀವೂ ಬನ್ನಿ, ಕಾಯಿ ಸುಲಿಯೋರು ಬೇಕಂತೆ.”

ಅಲ್ಲಿಂದಲೇ ಸುಮಾಗೆ ಫೋನ್ ಮಾಡಿ ಹೇಳಿದೆ. ಎಲ್ಲ ಕೇಳಿಸಿಕೊಂಡಳು. ಆಮೇಲೆ, “ಆಟದಲ್ಲಿ ಯಾರ್ ಗೆದ್ರು ಅತ್ತೆ?”

“ನಿಮ್ಮಪ್ಪ ಕಣೇ.”

“ಅಬ್ಬಾ, ಕೊನೆಗೂ!” ಅಂದಳು. ಕಳ್ಳಿ, ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಈಗ ಇದನ್ನು ಕೊತ್ತಗೆರೆಯ ನಡುಮನೆಯಲ್ಲಿ ಕೂತು ಟೈಪ್ ಮಾಡುತ್ತಿದ್ದೇನೆ. ಸಾಂಬ್ರಾಣಿ ಹೊಗೆ ಇನ್ನೂ ಆರಿಲ್ಲ. ಮೊಮ್ಮಗಳು ತೊಟ್ಟಿಲಲ್ಲಿ, ಅವಳ ತಾಯಿ ತಲೆಗೆ ಬಟ್ಟೆ ಬಿಗಿದುಕೊಂಡು, ಮೆಣಸಿನ ಸಾರು ಖಾರ ಎಂದು ಗೊಣಗುತ್ತಾ ಪಕ್ಕದಲ್ಲಿ. ಮಗ ಭಾನುವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಯಜಮಾನರು ಹಿತ್ತಲಲ್ಲಿ ಕಾಯಿ ಸುಲಿಯುವುದಕ್ಕಿಂತ ಎಳನೀರು ಕುಡಿಯುವುದೇ ಹೆಚ್ಚು. ನೆಂಟರು ಏನೇನೋ ಅನ್ನುತ್ತಾರಂತೆ, ಅನ್ನಲಿ. ನನ್ನ ಸ್ವಂತ ತವರಿನ ಬಾಗಿಲು ಅಣ್ಣಂದಿರ ಕಾಲಕ್ಕೇ ಮುಚ್ಚಿತು. ಈ ವಯಸ್ಸಿನಲ್ಲಿ ಬೆಳಗ್ಗೆ ಎದ್ದು ಕೇಳದೆ ತೆಂಗಿನಕಾಯಿ ಒಡೆದುಕೊಳ್ಳಬಹುದಾದ ಒಂದು ಮನೆ ಮತ್ತೆ ಸಿಕ್ಕಿತಲ್ಲ ಎಂದು ಎಣ್ಣೆ ಕೈಯನ್ನೇ ಆಗಾಗ ಶಿವನಿಗೆ ಮುಗಿಯುತ್ತೇನೆ. ಬೆರಳುಗಳೂ ಈಗ ಚೆನ್ನಾಗಿ ಮಡಚುತ್ತವೆ. ಟೈಪಿಂಗಿನಿಂದಲೋ, ಮಗುವಿಗೆ ಎಣ್ಣೆ ನೀವಿ ನೀವಿಯೋ, ವಿಚಾರಿಸಲು ಹೋಗಿಲ್ಲ.

ಸಂಜೆ ಒಂದಾಟ ಇದ್ದೇ ಇದೆ, ಸಂಜೆ ಒಂದು ಸೋಲೂ ಇದ್ದೇ ಇದೆ. ನಿನ್ನೆ ಮಗು ನೋಡಲು ತುಮಕೂರಿನಿಂದ ಶಾಂತಕ್ಕ ಬಂದಿದ್ದಳು. ಅವಳೆದುರಿಗೆ ಮಾನ ಹೋಗಬಾರದಲ್ಲ. ಆಟದ ನಡುವೆ ಬಗ್ಗಿ, “ಬೀಗ್ರೆ, ಇವತ್ತೊಂದಿನ ಹಳೇ ಥರ ಆ ಸಿಪಾಯಿನ ಹೊಡ್ದುಬುಡಿ” ಎಂದು ಪಿಸುಗುಟ್ಟಿದೆ.

ಅವರು ಯೋಚಿಸಲೂ ಇಲ್ಲ. ಕುದುರೆಯನ್ನು ಅಂಚಿಗಿಟ್ಟರು.

“ಆಗಲ್ಲ ಅಕ್ಕೋರೆ. ನೆಂಟ್ರಾಗಿದ್ರೆ ಹೊಡೀತಿದ್ದೆ. ಈಗ ನೀವು ಮನೆಯೋರು.”

ನಾನು ಒಂಟೆಯನ್ನು ಹಿಂದಕ್ಕೆ ಎಳೆದುಕೊಂಡೆ. ಮರ್ಯಾದೆ ಹೋಯಿತು. ಶಿವ ದೊಡ್ಡವನು.